ಮಾಂಸದ ಪಥ್ಯವೂ ಮೈಯ ತೂಕವೂ

1862ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಲಂಡನ್ ನಗರದ ವಿಲಿಯಂ ಬ್ಯಾಂಟಿಂಗ್ ಎಂಬ ಗೃಹಸ್ಥನು, ದಿನೇ ದಿನೇ ಮಂದವಾಗುತ್ತಿದ್ದ ತನ್ನ ಕಿವಿಗೆ ಚಿಕಿತ್ಸೆಯನ್ನು ಅಪೇಕ್ಷಿಸಿ ವಿಲಿಯಂ ಹಾರ್ವೆ ಎಂಬ ಕರ್ಣವೈದ್ಯನನ್ನು ಕಂಡನು. ಬ್ಯಾಂಟಿಂಗನದು ಇಂಗ್ಲೆಂಡಿನ ರಾಜಕುಟುಂಬದವರ ಶವಸಂಸ್ಕಾರದ ಏರ್ಪಾಡುಗಳನ್ನು ನೋಡಿಕೊಳ್ಳುತ್ತಿದ್ದ ಮನೆತನ. ಶ್ರೀರಂಗಪಟ್ಟಣದ ಮುತ್ತಿಗೆಯ ಕಾಲದಿಂದ ನಮ್ಮವರಿಗೂ ಪರಿಚಿತನಾದ ವೆಲಿಂಗ್ಟನ್ ಪ್ರಭುವಿನ ಅಂತ್ಯಯಾತ್ರೆಯನ್ನು ಸಿದ್ಧಗೊಳಿಸಿದವರು ಅವರೇ. ಹಾರ್ವೆಯನ್ನು ಕಂಡಾಗ ಬ್ಯಾಂಟಿಂಗನಿಗೆ ಸುಮಾರು 66 ವರ್ಷ ವಯಸ್ಸು. ಎತ್ತರ ಐದಡಿ ಐದಂಗುಲ. ತೂಕ 202 ಪೌಂಡು, ಎಂದರೆ ಸುಮಾರು 92 ಕಿಲೋಗ್ರಾಮು. ಬಗ್ಗಿ ಪಾದರಕ್ಷೆಯ ದಾರವನ್ನು ಕಟ್ಟಿಕೊಳ್ಳುವುದು ಆತನಿಂದ ಆಗುತ್ತಿರಲಿಲ್ಲ. ಮಂಡಿಗಳ ಮೇಲೆ ಬೀಳುವ ಭಾರವನ್ನು ತಾಳಲಾರದೆ ಮೆಟ್ಟಿಲುಗಳನ್ನು ಹಿಂದುಮುಂದಾಗಿ ತಿರುಗಿ ಮೆಲ್ಲಮೆಲ್ಲನೆ ಇಳಿಯಬೇಕಾಗಿತ್ತು. ಸಮುದ್ರದ ಗಾಳಿ, ಖನಿಜಜಲದ ಕ್ಷೇತ್ರಗಳು, ಕುದುರೆಸವಾರಿ, ಉಗಿಸ್ನಾನ, ಅರೆಹೊಟ್ಟೆಯ ಉಪವಾಸ, ಇವೆಲ್ಲವನ್ನೂ ಆತನು ಅದಕ್ಕೆ ಮೊದಲೇ ಮಾಡಿ ನೋಡಿದ್ದನು. ಬೆಳಗಿನ ಜಾವ ದೋಣಿಯ ಹುಟ್ಟು ಹಾಕಿದ್ದರಿಂದ ಹಸಿವು ಹೆಚ್ಚಿತೇ ಹೊರತು ಮೈ ಇಳಿಯಲಿಲ್ಲ. ಇವೆಲ್ಲಕ್ಕಿಂತಲೂ ಆತನನ್ನು ನೋಯಿಸಿದ್ದು ಬೀದಿಯಲ್ಲಿ, ಸಭೆಗಳಲ್ಲಿ, ಬಾಡಿಗೆಯ ಗಾಡಿಗಳಲ್ಲಿ ಅಪರಿಚಿತರು ಮಾಡುತ್ತಿದ್ದ ಕುಚೋದ್ಯ. ಆ ನೋವನ್ನು ಬಲ್ಲವರು ನಮ್ಮ ನಡುವೆಯೂ ಬಹುಮಂದಿ ಇರುವುದರಿಂದ, ಮುಂದೆ ಹೇಳುವ ಯಾವ ಮಾತೂ ಸ್ಥೂಲಕಾಯದವರನ್ನು ಆಕ್ಷೇಪಿಸುವುದಕ್ಕಾಗಿ ಅಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ನನ್ನ ಕರ್ತವ್ಯ. ಬೊಜ್ಜು ನೀತಿಯ ದೋಷವಲ್ಲ. ಅದನ್ನು ಇಳಿಸಿಕೊಳ್ಳಬೇಕೆಂಬ ಹಂಬಲ ಹಾಸ್ಯಕ್ಕೆ ವಸ್ತುವೂ ಅಲ್ಲ.

ಹಾರ್ವೆ ಕೆಲವು ವರ್ಷಗಳ ಹಿಂದೆ ಪ್ಯಾರಿಸಿನಲ್ಲಿ ಕ್ಲೋದ್ ಬರ್ನಾರ್ ಎಂಬ ಮಹಾವಿಜ್ಞಾನಿಯ ಉಪನ್ಯಾಸಗಳನ್ನು ಕೇಳಿ ಬಂದಿದ್ದನು. ಯಕೃತ್ತು ತಾನೇ ಸಕ್ಕರೆಯನ್ನು ಉತ್ಪಾದಿಸುತ್ತದೆಂಬ ಬರ್ನಾರನ ಶೋಧನೆಯಿಂದ ಹಾರ್ವೆಯ ಮನಸ್ಸಿನಲ್ಲಿ ಮೂಡಿದ ತರ್ಕದ ಪ್ರಕಾರ, ಬ್ಯಾಂಟಿಂಗನಿಗೆ ಬ್ರೆಡ್ಡು, ಬೆಣ್ಣೆ, ಹಾಲು, ಸಕ್ಕರೆ, ಬಿಯರು, ಆಲೂಗೆಡ್ಡೆ ಇಷ್ಟು ನಿಷಿದ್ಧವಾದುವು. ಸುಮಾರು ಒಂದು ವರ್ಷದಲ್ಲಿ 46 ಪೌಂಡು ತೂಕ ಇಳಿಯಿತು. ಸಂತೋಷವನ್ನು ತಡೆಯಲಾರದೆ ಬ್ಯಾಂಟಿಂಗನು 1863ರಲ್ಲಿ ಸ್ಥೂಲಕಾಯವನ್ನು ಕುರಿತು ಸಾರ್ವಜನಿಕರಿಗೆ ಒಂದು ಪತ್ರವನ್ನು ಬರೆದು, ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ ಧರ್ಮಾರ್ಥವಾಗಿ ಹಂಚಿದನು. ಮಾಂಸವನ್ನು ತಿಂದು ಮೈ ಇಳಿಸುವ ಪಥ್ಯಗಳ ವಂಶಾವಳಿ ಜನಪ್ರಿಯವಾದುದು ಆ ಕಿರುಹೊತ್ತಗೆಯಿಂದ; ಆತನ ಹೆಸರಂತೂ ಇಂದಿಗೂ ಆ ಪಂಥದವರ ನಾಲಗೆಯ ಮೇಲಿದೆ.

ಆದರೆ ಆ ಪತ್ರವನ್ನು ತೆರೆದು ಸಾವಧಾನವಾಗಿ ಓದಿದವರಿಗೆ ಬೇರೆಯೇ ಒಂದು ಸಂಗತಿ ಕಾಣಿಸುತ್ತದೆ. ಪಥ್ಯಕ್ಕೆ ಮೊದಲು ಆತನು ಏನು ತಿನ್ನುತ್ತಿದ್ದನು? ಬೆಳಿಗ್ಗೆ ಹಾಲುಬ್ರೆಡ್ಡು, ಅಥವಾ ಧಾರಾಳವಾಗಿ ಹಾಲುಸಕ್ಕರೆ ಬೆರೆಸಿದ ಚಹಾ ಮತ್ತು ಬೆಣ್ಣೆ ಸವರಿದ ಬ್ರೆಡ್ಡು. ಮಧ್ಯಾಹ್ನ ಮಾಂಸ, ಬಿಯರು, ಮತ್ತೆ ಬ್ರೆಡ್ಡು, ಸಿಹಿತಿನಿಸು. ಸಂಜೆ ಬೆಳಗಿನದೇ ಪುನರಾವರ್ತನೆ. ರಾತ್ರಿ ಹಣ್ಣಿನ ಸಿಹಿರೊಟ್ಟಿ. ಮಾಂಸ ಆಗಲೂ ಇತ್ತು, ಅನಂತರವೂ ಇತ್ತು. ಹಾರ್ವೆಯ ಪಟ್ಟಿಯಲ್ಲಿ ಮೂರು ಹೊತ್ತಿನ ಮಾಂಸಮತ್ಸ್ಯಗಳನ್ನು ಕೂಡಿಸಿದರೆ ದಿನಕ್ಕೆ ಸುಮಾರು 340ರಿಂದ 425 ಗ್ರಾಮು, ಮಧ್ಯಾಹ್ನದ ಊಟದೊಡನೆ ಬಡಿಸಬಹುದಾದ ಬೇಟೆಹಕ್ಕಿಯೋ ಕೋಳಿಯೋ ಸ್ವಲ್ಪ. ಅದರ ಜೊತೆಗೆ ಆಲೂಗೆಡ್ಡೆಯೊಂದನ್ನು ಬಿಟ್ಟು ಯಾವ ತರಕಾರಿಯಾದರೂ ಆಗಬಹುದು, ಹಣ್ಣು ಆಗಬಹುದು, ಹೊತ್ತಿಗೊಂದು ಚೂರು ಒಣರೊಟ್ಟಿಯೂ ಆಗಬಹುದು. ಆತನ ಬೊಜ್ಜನ್ನು ಕರಗಿಸಿದ್ದು ಎಲೆಗೆ ಹೊಸದಾಗಿ ಬಂದ ಮಾಂಸವಲ್ಲ, ಎಲೆಯಿಂದ ಹೊರಟುಹೋದ ಬಿಯರು, ಸಕ್ಕರೆ, ಬ್ರೆಡ್ಡುಗಳು. ಈ ಒಂದು ಮಾತನ್ನು ಹಿಡಿದುಕೊಂಡು ಮುಂದಿನ ಕಥೆಯನ್ನು ನೋಡಿದರೆ, ಗುರುವಿಗಿಂತ ಶಿಷ್ಯರು, ಶಿಷ್ಯರಿಗಿಂತ ಪ್ರಶಿಷ್ಯರು ನಿಷೇಧದ ಪಟ್ಟಿಯನ್ನು ಹೇಗೆ ಬೆಳೆಸುತ್ತ ಹೋದರೆಂಬುದೂ, ಪ್ರಮಾಣಗಳು ಹೇಗೆ ಅದಕ್ಕೆ ತಕ್ಕಂತೆ ಬೆಳೆಯಲಿಲ್ಲವೆಂಬುದೂ ಸ್ಪಷ್ಟವಾಗುತ್ತದೆ.

ಬ್ಯಾಂಟಿಂಗನ ತರುವಾಯ ಅಮೆರಿಕದ ಜೇಮ್ಸ್ ಸಾಲಿಸ್‌ಬರಿ ಎಂಬ ವೈದ್ಯನು 1888ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕೊಬ್ಬುನಾರುಗಳನ್ನು ತೆಗೆದು ಕೊಚ್ಚಿದ ದನದ ಮಾಂಸವನ್ನೂ ಬಿಸಿನೀರನ್ನೂ ಸರ್ವರೋಗಗಳಿಗೆ ವಿಧಿಸಿದನು. ಆತನ ಸಿದ್ಧಾಂತಗಳಲ್ಲಿ ಇಂದು ಉಳಿದಿರುವುದು ಹೋಟೆಲುಗಳಲ್ಲಿ ಆತನ ಹೆಸರಿನಿಂದ ಬಡಿಸುವ ಒಂದು ಭಕ್ಷ್ಯ ಮಾತ್ರ. ಆತನಿಗಿಂತ ಹೆಚ್ಚು ವಿಚಾರಕ್ಕೆ ಅರ್ಹನಾದವನು ವಿಲ್ಹ್ಯಾಲ್ಮರ್ ಸ್ಟೆಫಾನ್ಸನ್. ಉತ್ತರಧ್ರುವ ಪ್ರದೇಶದಲ್ಲಿ ಇನ್ಯೂಟ್ ಜನರೊಡನೆ ವರ್ಷಗಟ್ಟಲೆ ಬಾಳಿ, ಅವರ ಆಹಾರವನ್ನೇ ತಿಂದು ಆರೋಗ್ಯವಾಗಿದ್ದ ಈ ಅನ್ವೇಷಕನು, ತನ್ನ ಮಾತನ್ನು ಯಾರೂ ನಂಬದಿದ್ದುದರಿಂದ, ಕಾರ್ಸ್ಟನ್ ಆಂಡರ್ಸನ್ ಎಂಬ ಸಂಗಡಿಗನೊಡನೆ 1928ರಲ್ಲಿ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯ ವೈದ್ಯರ ಪರೀಕ್ಷೆಗೆ ತನ್ನ ದೇಹವನ್ನೇ ಒಪ್ಪಿಸಿದನು. ವೈದ್ಯರು ಮೊದಲು ಆತನಿಗೆ ಕೊಬ್ಬಿಲ್ಲದ ಮಾಂಸವನ್ನಷ್ಟೇ ಕೊಟ್ಟು ನೋಡಿದರು. ಎರಡು ಮೂರು ದಿನಗಳಲ್ಲೇ ವಾಕರಿಕೆ, ಭೇದಿ, ಸರ್ವಾಂಗದ ನಿಶ್ಶಕ್ತಿ. ಕೊಬ್ಬು ತುಂಬಿದ ಮಾಂಸವನ್ನು ಕೊಟ್ಟೊಡನೆ ಚೇತರಿಕೆ. ಸಸಾರಜನಕದಿಂದ ಹುಟ್ಟುವ ತ್ಯಾಜ್ಯವನ್ನು ಯೂರಿಯವಾಗಿ ಮಾರ್ಪಡಿಸುವ ಯಕೃತ್ತಿನ ಶಕ್ತಿಗೆ ಒಂದು ಮಿತಿಯುಂಟು. ಬಡಕಲು ಮೊಲಗಳ ಮಾಂಸವನ್ನೇ ನೆಚ್ಚಿಕೊಂಡ ಉತ್ತರದ ಬೇಟೆಗಾರರು ಹೊಟ್ಟೆ ತುಂಬ ತಿಂದೂ ಕ್ಷೀಣಿಸುತ್ತಿದ್ದುದು ಈ ಕಾರಣದಿಂದಲೇ.

ಆ ಮೇಲೆ ಅವರಿಬ್ಬರೂ ಒಂದು ವರ್ಷ ಮಾಂಸ, ಯಕೃತ್ತು, ಮೂತ್ರಪಿಂಡ, ಮೆದುಳು, ಮಜ್ಜೆ, ಇವುಗಳ ಮೇಲೆಯೇ ಜೀವಿಸಿದರು. ರಕ್ತಪಿತ್ತವ್ಯಾಧಿಯಾದ ಸ್ಕರ್ವಿ ಅವರನ್ನು ಮುಟ್ಟಲಿಲ್ಲ. ಇದು ನಿಜವಾದ ಪ್ರಯೋಗ, ಗೌರವಕ್ಕೆ ಪಾತ್ರವಾದುದು. ಆದರೆ ಅದು ಏನನ್ನು ಸಾಧಿಸಿತೆಂಬುದನ್ನು ಅಳತೆ ಮೀರಿ ಹೇಳಬಾರದು. ಅವರ ಆಹಾರದ ಶಕ್ತಿಯಲ್ಲಿ ಮುಕ್ಕಾಲು ಪಾಲಿಗೂ ಮಿಗಿಲಾಗಿ ಕೊಬ್ಬಿನಿಂದ ಬರುತ್ತಿತ್ತು. ಸುಣ್ಣದಂಶವು ದೇಹಕ್ಕೆ ಬೇಕಾದುದಕ್ಕಿಂತ ಬಹಳ ಕಡಮೆಯಾಗಿತ್ತು. ಮೈ ಇಳಿಸುವುದು ಅವರ ಉದ್ದೇಶವೂ ಆಗಿರಲಿಲ್ಲ, ಆರಂಭದಲ್ಲಿ ಹೋದ ಒಂದೆರಡು ಕಿಲೋಗಳ ತರುವಾಯ ಮೈ ಹೆಚ್ಚೇನೂ ಇಳಿಯಲೂ ಇಲ್ಲ. ಇನ್ಯೂಟರಾದರೂ ತಿನ್ನುತ್ತಿದ್ದುದು ಪೇಟೆಯ ಅಂಗಡಿಯಲ್ಲಿ ತೂಗಿಸಿಕೊಂಡು ತಂದ ಮಾಂಸವನ್ನಲ್ಲ: ಹಸಿಯ ಮಾಂಸ, ಸೀಲ್ ಪ್ರಾಣಿಯ ಯಕೃತ್ತು, ‘ಸಿ’ ಜೀವಸತ್ವವುಳ್ಳ ತಿಮಿಂಗಿಲದ ಚರ್ಮ, ಬೇಸಗೆಯಲ್ಲಿ ದೊರೆತಷ್ಟು ಕಾಡುಹಣ್ಣು. ಹಿಮದ ನಡುವೆ ಅನ್ಯಮಾರ್ಗವಿಲ್ಲದೆ ರೂಪುಗೊಂಡ ಒಂದು ಜೀವನಕ್ರಮದ ಅರ್ಧವನ್ನು ಮಾತ್ರ ಕಿತ್ತು ತಂದು ನಗರದ ಊಟದ ಮೇಜಿನ ಮೇಲೆ ಇಡುವುದು ವಿವೇಕವೆನಿಸದು.

1972ರಲ್ಲಿ ರಾಬರ್ಟ್ ಅಟ್ಕಿನ್ಸ್ ಎಂಬ ನ್ಯೂಯಾರ್ಕಿನ ಹೃದ್ರೋಗವೈದ್ಯನ ಪುಸ್ತಕವು ಲಕ್ಷಾಂತರವಾಗಿ ಮಾರಾಟವಾಯಿತು. ಆತನಾದರೂ ಆರಂಭದ ಕಠೋರ ನಿಯಮದ ಬಳಿಕ ಹೆಚ್ಚಿನ ತರಕಾರಿಗಳನ್ನೂ ಸ್ವಲ್ಪ ಸ್ವಲ್ಪವಾಗಿ ಇತರ ಪದಾರ್ಥಗಳನ್ನೂ ಹಿಂದಕ್ಕೆ ಕರೆದುಕೊಂಡನು. ಶಾನ್ ಬೇಕರ್ ಎಂಬ ಅಮೆರಿಕದ ಮೂಳೆವೈದ್ಯನು 2019ರಲ್ಲಿ ‘ಕಾರ್ನಿವೋರ್’ ಪಥ್ಯವೆಂಬ ಹೆಸರಿನಿಂದ ಪ್ರಚಾರಪಡಿಸಿದ ಕ್ರಮದಲ್ಲಿ ತರಕಾರಿಗೂ ಎಡೆಯಿಲ್ಲ. ಕೆಲವರು ಇನ್ನೂ ಮುಂದೆ ಹೋಗಿ ದನದ ಮಾಂಸ, ಉಪ್ಪು, ನೀರು, ಈ ಮೂರಕ್ಕೇ ಬಂದು ನಿಂತಿದ್ದಾರೆ.

ಇಂಥ ಪಥ್ಯವನ್ನು ಹಿಡಿದವರು ಮೊದಲ ವಾರದಲ್ಲಿಯೇ ಎರಡು ಮೂರು ಕಿಲೋ ಇಳಿದೆವೆಂದು ಹೇಳುವುದು ಸುಳ್ಳಲ್ಲ. ತಕ್ಕಡಿಯೂ ಸುಳ್ಳು ಹೇಳುವುದಿಲ್ಲ. ಆದರೆ ಇಳಿದುದು ಯಾವುದೆಂಬುದನ್ನು ತಕ್ಕಡಿ ಹೇಳಲಾರದು. ನಮ್ಮ ಯಕೃತ್ತಿನಲ್ಲೂ ಸ್ನಾಯುಗಳಲ್ಲೂ ಗ್ಲೈಕೋಜೆನ್ ಎಂಬ ರೂಪದಲ್ಲಿ ಸುಮಾರು 400ರಿಂದ 500 ಗ್ರಾಮಿನಷ್ಟು ಪಿಷ್ಟವು ಶೇಖರವಾಗಿರುತ್ತದೆ; ಅದರ ಪ್ರತಿಯೊಂದು ಗ್ರಾಮೂ ತನ್ನೊಡನೆ ಸುಮಾರು ಮೂರು ಗ್ರಾಮು ನೀರನ್ನು ಹಿಡಿದುಕೊಂಡಿರುತ್ತದೆ. ಅನ್ನರೊಟ್ಟಿಗಳು ನಿಂತೊಡನೆ ದೇಹವು ಆ ಶೇಖರವನ್ನು ವ್ಯಯಮಾಡುತ್ತದೆ, ನೀರು ಬಿಡುಗಡೆಯಾಗುತ್ತದೆ. ಇನ್ಸುಲಿನ್ ತಗ್ಗಿದುದರಿಂದ ಮೂತ್ರಪಿಂಡಗಳು ಉಪ್ಪನ್ನೂ ಅದರೊಡನೆ ಇನ್ನಷ್ಟು ನೀರನ್ನೂ ಹೊರಕ್ಕೆ ಕಳುಹಿಸುತ್ತವೆ. ಇನ್ನು ಕೊಬ್ಬಿನ ಲೆಕ್ಕವನ್ನು ನೋಡಿ: ದೇಹದ ಒಂದು ಕಿಲೋ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿಗಳ ಕೊರತೆಯಾಗಬೇಕು. ಒಂದು ವಾರದಲ್ಲಿ ಮೂರು ಕಿಲೋ ಕೊಬ್ಬು ಹೋಯಿತೆಂದರೆ ದಿನಕ್ಕೆ 3,300 ಕ್ಯಾಲೊರಿಗಳ ಕೊರತೆಯಾಗಿರಬೇಕು. ಏನನ್ನೂ ತಿನ್ನದೆ ನಿರಾಹಾರವಾಗಿ ಇದ್ದರೂ ನಮ್ಮಲ್ಲಿ ಬಹುಪಾಲು ಜನರಿಗೆ ಅಷ್ಟು ಖರ್ಚೇ ಇರುವುದಿಲ್ಲ. ಪಥ್ಯದಲ್ಲಿದ್ದವರು ಒಂದು ಮದುವೆಯ ಮನೆಯಲ್ಲಿ ಚಿತ್ರಾನ್ನವನ್ನೂ ಎರಡು ಹೋಳಿಗೆಯನ್ನೂ ತಿಂದು ಬಂದ ಮರುದಿನ ತಕ್ಕಡಿಯಲ್ಲಿ ಒಂದು ಕಿಲೋ ಏರಿರುವುದನ್ನು ಕಂಡು, ತಿಂಗಳ ತಪಸ್ಸು ಒಂದೇ ಊಟಕ್ಕೆ ಮಣ್ಣುಪಾಲಾಯಿತೆಂದು ಹತಾಶರಾಗುವುದುಂಟು. ಮರಳಿ ಬಂದದ್ದು ನೀರು. ಈ ಸಣ್ಣ ಶರೀರವಿಜ್ಞಾನವನ್ನು ಯಾರೂ ಅವರಿಗೆ ತಿಳಿಸಿ ಹೇಳದಿರುವುದು ನನಗೆ ಅನ್ಯಾಯವೆಂದು ತೋರುತ್ತದೆ.

ನೀರಿನ ಮಾತು ಮುಗಿದ ಮೇಲೆಯೂ ಅನೇಕರ ಮೈ ಇಳಿಯುತ್ತದೆ, ನಿಜವಾದ ಕೊಬ್ಬೇ ಕರಗುತ್ತದೆ. ಅದನ್ನು ಅಲ್ಲಗಳೆಯುವುದು ಸಲ್ಲದು. ಕಾರಣವೇನೆಂದರೆ, ಸಸಾರಜನಕವು ಬೇಗ ತೃಪ್ತಿಯನ್ನು ಕೊಡುತ್ತದೆ. ಅದನ್ನು ಅರಗಿಸಿಕೊಳ್ಳುವುದಕ್ಕೇ ಅದರ ಶಕ್ತಿಯಲ್ಲಿ ಶೇಕಡಾ 20ರಿಂದ 30ರಷ್ಟು ವೆಚ್ಚವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಬಿಸ್ಕತ್ತು, ಖಾರಾ, ಸಿಹಿ, ಸಕ್ಕರೆಯ ಪಾನೀಯ, ಬೇಕರಿಯ ಪಫ್ಫು, ಇವೆಲ್ಲ ಒಂದೇ ಏಟಿಗೆ ನಿಷಿದ್ಧವಾದ ಮನುಷ್ಯನಿಗೆ ಹೊತ್ತಲ್ಲದ ಹೊತ್ತಿನಲ್ಲಿ ಬಾಯಾಡಿಸುವುದಕ್ಕೆ ಏನೂ ಉಳಿಯುವುದಿಲ್ಲ. ಒಂದೇ ರುಚಿಯನ್ನು ಎಷ್ಟು ಹೊತ್ತು ತಿಂದೀತು ನಾಲಗೆ? ಆತನು ತನಗೆ ತಿಳಿಯದೆಯೇ ಕಡಮೆ ತಿನ್ನುತ್ತಾನೆ. ಮಾಂಸದಲ್ಲಿ ಕೊಬ್ಬನ್ನು ಕರಗಿಸುವ ಯಾವ ಗೂಢಶಕ್ತಿಯೂ ಇಲ್ಲ.

ಇದನ್ನು ಅಳೆದು ನೋಡಿದವರಿದ್ದಾರೆ. ಅಟ್ಕಿನ್ಸನ ಪಥ್ಯವನ್ನು ಸಾಮಾನ್ಯ ಮಿತಾಹಾರದೊಡನೆ ಹೋಲಿಸಿ 63 ಜನರ ಮೇಲೆ ನಡೆಸಿ 2003ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಆರು ತಿಂಗಳ ಹೊತ್ತಿಗೆ ಅಟ್ಕಿನ್ಸನ ಪಂಗಡದವರು ಸ್ಪಷ್ಟವಾಗಿ ಮುಂದಿದ್ದರು; ವರ್ಷ ಕಳೆಯುವಷ್ಟರಲ್ಲಿ ಆ ಅಂತರವು ಲೆಕ್ಕಕ್ಕೆ ಬಾರದಷ್ಟಾಗಿತ್ತು. ಸ್ಟ್ಯಾನ್‌ಫರ್ಡಿನಲ್ಲಿ ಕ್ರಿಸ್ಟೋಫರ್ ಗಾರ್ಡನರ್ ಮತ್ತು ಸಂಗಡಿಗರು 609 ಜನರನ್ನು ಎರಡು ಪಂಗಡಗಳಾಗಿ ಮಾಡಿ, ಒಂದಕ್ಕೆ ಕೊಬ್ಬನ್ನೂ ಇನ್ನೊಂದಕ್ಕೆ ಶರ್ಕರಪಿಷ್ಟವನ್ನೂ ತಗ್ಗಿಸಿ, ಎರಡಕ್ಕೂ ಸಕ್ಕರೆ ಮತ್ತು ಮೈದಾಗಳನ್ನು ಬಿಟ್ಟು ತರಕಾರಿಯನ್ನು ಹೆಚ್ಚಿಸಬೇಕೆಂದು ಬೋಧಿಸಿ, 2018ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ವರ್ಷದ ಕೊನೆಗೆ ಮೊದಲನೆಯವರಿಗೆ ಸರಾಸರಿ 5.3 ಕಿಲೋ, ಎರಡನೆಯವರಿಗೆ 6 ಕಿಲೋ ಇಳಿದಿತ್ತು. ಆ ಸರಾಸರಿಗಿಂತ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇನ್ನೊಂದು ಸಂಗತಿ: ಎರಡು ಪಂಗಡಗಳಲ್ಲಿಯೂ ಕೆಲವರು 30 ಕಿಲೋದಷ್ಟು ಇಳಿದಿದ್ದರು, ಕೆಲವರು ಹತ್ತು ಕಿಲೋದಷ್ಟು ಏರಿದ್ದರು. ಪಥ್ಯ ಪಥ್ಯಗಳ ನಡುವಣ ಭೇದಕ್ಕಿಂತ, ಒಂದೇ ಪಥ್ಯವನ್ನು ಹಿಡಿದ ಮನುಷ್ಯ ಮನುಷ್ಯರ ನಡುವಣ ಭೇದವು ಅಷ್ಟು ದೊಡ್ಡದು. ಯಾವ ನಿಯಮವನ್ನು ಯಾರು ಬಾಳಿನುದ್ದಕ್ಕೂ ನಡೆಸಿಕೊಂಡು ಹೋಗಬಲ್ಲರೆಂಬುದೇ ನಿರ್ಣಾಯಕವಾದರೆ, ಅತ್ಯಂತ ಸಂಕುಚಿತವಾದ ನಿಯಮವೇ ಅತ್ಯಂತ ದುರ್ಬಲವಾದುದು.

ಇನ್ನೂ ಸೂಕ್ಷ್ಮವಾದ ಒಂದು ಪರೀಕ್ಷೆಯನ್ನು ಅಮೆರಿಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಆರೋಗ್ಯಸಂಸ್ಥೆಯ ಆಸ್ಪತ್ರೆಯಲ್ಲಿ ಕೆವಿನ್ ಹಾಲ್ ಎಂಬ ವಿಜ್ಞಾನಿ ನಡೆಸಿ 2021ರಲ್ಲಿ ಪ್ರಕಟಿಸಿದರು. ಇಪ್ಪತ್ತು ಮಂದಿಯನ್ನು ಅಲ್ಲಿಯೇ ಇರಿಸಿಕೊಂಡು, ಎರಡು ವಾರ ಪ್ರಾಣಿಮೂಲದ ಕೊಬ್ಬಿನ ಆಹಾರ, ಎರಡು ವಾರ ಸಸ್ಯಮೂಲದ ಕೊಬ್ಬಿಳಿದ ಆಹಾರ, ಯಾವುದನ್ನು ಬೇಕಾದರೂ ತೃಪ್ತಿಯಾಗುವವರೆಗೆ ತಿನ್ನಬಹುದೆಂಬ ಅನುಮತಿಯೊಡನೆ ಬಡಿಸಿ, ಪ್ರತಿಯೊಂದು ತುತ್ತನ್ನೂ ತೂಗಿ ಲೆಕ್ಕವಿಟ್ಟರು. ಸಸ್ಯಾಹಾರದ ವಾರಗಳಲ್ಲಿ ಅವರು ದಿನಕ್ಕೆ ಸುಮಾರು 690 ಕ್ಯಾಲೊರಿ ಕಡಮೆ ತಿಂದರು. ಹಸಿವೆಯ ವಿಷಯದಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ತೂಕ ಎರಡರಲ್ಲೂ ಇಳಿಯಿತು. ಗಣನೀಯವಾಗಿ ಕೊಬ್ಬು ಕರಗಿದುದು ಸಸ್ಯಾಹಾರದಲ್ಲಿ ಮಾತ್ರ. ಎರಡು ವಾರದ ಪರೀಕ್ಷೆ ಅಂತಿಮವಾದ ಮಾತಲ್ಲ. ಪ್ರಾಣಿಮೂಲದ ಆಹಾರದಲ್ಲಿ ರಕ್ತದ ಸಕ್ಕರೆ ಹೆಚ್ಚು ಸ್ಥಿರವಾಗಿತ್ತೆಂಬುದನ್ನೂ ಹೇಳಬೇಕು. ಆದರೂ ಶರ್ಕರಪಿಷ್ಟವೊಂದೇ ಬೊಜ್ಜಿಗೆ ಕಾರಣ, ಅದನ್ನು ಬಿಟ್ಟರೆ ಎಷ್ಟು ತಿಂದರೂ ಸರಿಯೆಂಬ ಘೋಷಣೆಗೆ ಇದು ತಕ್ಕ ಉತ್ತರವೇ.

ಕೇವಲ ಮಾಂಸದ ಪಥ್ಯಕ್ಕೆ ಇಂಥ ಹೋಲಿಕೆಯ ದೀರ್ಘಪರೀಕ್ಷೆಯ ಆಧಾರವಿಲ್ಲ. ಅದರ ಪರವಾಗಿ ಬಹಳವಾಗಿ ಉದಾಹರಿಸುವ ಹಾರ್ವರ್ಡಿನ 2021ರ ವರದಿ, ಆರು ತಿಂಗಳಿಗಿಂತ ಹೆಚ್ಚು ಕಾಲ ಆ ಪಥ್ಯದಲ್ಲಿ ಉಳಿದುಕೊಂಡಿದ್ದ 2,029 ಮಂದಿ ತಮ್ಮನ್ನು ಕುರಿತು ತಾವೇ ಹೇಳಿಕೊಂಡ ಉತ್ತರಗಳ ಸಂಗ್ರಹ. ಮೊದಲ ತಿಂಗಳಲ್ಲೇ ಬಿಟ್ಟವರಿಗೆ, ಕಾಯಿಲೆ ಬಿದ್ದು ನಿಲ್ಲಿಸಿದವರಿಗೆ ಅಲ್ಲಿ ಬಾಯಿಲ್ಲ. ಆ ಸಂತುಷ್ಟರ ನಡುವೆಯೂ, ರಕ್ತಪರೀಕ್ಷೆಯ ವಿವರ ಕೊಟ್ಟವರಲ್ಲಿ ಎಲ್‌ಡಿಎಲ್ ಕೊಲೆಸ್ಟರಾಲಿನ ಮಧ್ಯಮಾಂಕವು 172 ಆಗಿತ್ತು. ಅದು 100ಕ್ಕಿಂತ ಕೆಳಗಿರುವುದು ಲೇಸೆಂದು ವೈದ್ಯರು ಹೇಳುತ್ತಾರೆ. ಹೃದಯದ ರಕ್ತನಾಳಗಳಿಗೆ ಒದಗುವ ಕೇಡು ಆರು ತಿಂಗಳಲ್ಲಿ ಕಾಣಿಸಿಕೊಳ್ಳುವಂಥದಲ್ಲ, ದಶಕಗಳಲ್ಲಿ ಬೆಳೆಯುವಂಥದು. ನಾರು ಸಂಪೂರ್ಣವಾಗಿ ಇಲ್ಲವಾದಾಗ ಮಲಬದ್ಧತೆಯೂ ಕರುಳಿನ ಹಿತಜೀವಿಗಳ ಕ್ಷೀಣತೆಯೂ ಬೇಗನೆ ಕಾಣಬರುತ್ತವೆ. ಸಂಸ್ಕರಿಸಿದ ಮಾಂಸವಾದ ಸಾಸೇಜು, ಬೇಕನ್ನುಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರಲ್ಲಿ ನಿಶ್ಚಿತವಾದ ಕ್ಯಾನ್ಸರ್ ಕಾರಕಗಳ ವರ್ಗಕ್ಕೆ ಸೇರಿಸಿ, ದಿನವೂ ತಿನ್ನುವ ಪ್ರತಿ 50 ಗ್ರಾಮಿಗೆ ದೊಡ್ಡ ಕರುಳಿನ ಕ್ಯಾನ್ಸರಿನ ಸಂಭವವು ಶೇಕಡಾ 18ರಷ್ಟು ಏರುತ್ತದೆಂದು ಲೆಕ್ಕ ಹಾಕಿತು.

ನಿಷೇಧವು ತುದಿಮುಟ್ಟಿದರೆ ಏನಾಗಬಹುದೆಂಬುದಕ್ಕೆ 1970ರ ದಶಕದ ಅಮೆರಿಕದಲ್ಲಿ ಒಂದು ದಾರುಣವಾದ ನಿದರ್ಶನವುಂಟು. ಕಸಾಯಿಖಾನೆಯಲ್ಲಿ ಉಳಿದ ಚರ್ಮ, ಸ್ನಾಯುರಜ್ಜುಗಳಿಂದ ತೆಗೆದ ಸಸಾರಜನಕದ ದ್ರವವನ್ನು ಮಾತ್ರ ಕುಡಿದುಕೊಂಡಿರುವ ಪಥ್ಯವೊಂದು ಅಲ್ಲಿ ಜನಪ್ರಿಯವಾಯಿತು. ಕೊಬ್ಬಿಲ್ಲ, ಪಿಷ್ಟವಿಲ್ಲ, ಸಸಾರಜನಕವಾದರೂ ದೇಹಕ್ಕೆ ಅತ್ಯವಶ್ಯಕವಾದ ಅಂಶಗಳಿಂದ ವಂಚಿತವಾದುದು. ಮೈ ಶೀಘ್ರವಾಗಿ ಇಳಿಯಿತು. ಆ ದಶಕ ಮುಗಿಯುವ ಹೊತ್ತಿಗೆ, ಅದನ್ನು ಅನುಸರಿಸಿದವರಲ್ಲಿ ಸುಮಾರು 60 ಜನರ ಮರಣವು ಸರ್ಕಾರದ ಗಮನಕ್ಕೆ ಬಂದಿತು. ಅವರಲ್ಲಿ ಕೆಲವರು, ಬೇರೆ ಯಾವ ಕಾಯಿಲೆಯೂ ಇಲ್ಲದ ಹೆಂಗಸರು, ಹೃದಯದ ಬಡಿತ ತಾಳತಪ್ಪಿ ಸತ್ತಿದ್ದರು. ಇಂದಿನ ಮಾಂಸದ ಪಥ್ಯ ಅಷ್ಟು ಬಡವಾದುದಲ್ಲ, ಎರಡನ್ನೂ ಸಮೀಕರಿಸಲಾಗದು. ಆದರೆ ತಕ್ಕಡಿಯ ಮುಳ್ಳು ಕೆಳಗಿಳಿಯುತ್ತಿರುವುದೇ ಆರೋಗ್ಯದ ಪುರಾವೆಯೆಂಬ ಭ್ರಮೆ ಎರಡು ಕಡೆಗೂ ಸಮಾನ.

ನಮ್ಮ ನಾಡಿನ ಮಾತಿಗೆ ಬಂದರೆ, ಇಲ್ಲಿನ ಎಲೆಯಲ್ಲಿ ಪಿಷ್ಟದ ಪಾಲು ಮಿತಿಮೀರಿರುವುದು ನಿಜ. ಆ ಮಟ್ಟಿಗೆ ಮಾಂಸಪಂಥದವರ ಆಕ್ಷೇಪಣೆಯನ್ನು ನಾನು ಮನಃಪೂರ್ವಕವಾಗಿ ಒಪ್ಪುತ್ತೇನೆ. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ರಾಶಿ ಅನ್ನಕ್ಕೆ ತೆಳ್ಳನೆಯ ಸಾರು, ಸಂಜೆ ಕಾಫಿಯೊಡನೆ ಬೋಂಡ, ರಾತ್ರಿ ಮತ್ತೆ ಅನ್ನ, ಬೇಳೆಕಾಳು ನೆಪಕ್ಕೆ. ಆದರೆ ಇದನ್ನು ತಿದ್ದುವುದಕ್ಕೆ ಎಲೆಯನ್ನೇ ಬರಿದುಮಾಡಬೇಕಾಗಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಸಮೀಕ್ಷೆಯಲ್ಲಿ ದೊರೆತ ಹದಿನೆಂಟು ಸಾವಿರ ಜನರ ಆಹಾರದ ವಿವರಗಳನ್ನು ಆಧರಿಸಿ 2022ರಲ್ಲಿ ಮಾಡಿದ ಗಣನೆಯೊಂದು, ಹೊಸದಾಗಿ ಸಕ್ಕರೆಕಾಯಿಲೆ ಕಾಣಿಸಿಕೊಂಡವರಿಗೆ ಅದನ್ನು ಹಿಂದಕ್ಕೆ ತಳ್ಳಲು ಶರ್ಕರಪಿಷ್ಟದಿಂದ ಬರುವ ಶಕ್ತಿಯು ಶೇಕಡಾ 49–54ಕ್ಕೆ ಇಳಿಯಬೇಕೆಂದೂ, ಸಸಾರಜನಕದಿಂದ ಬರುವುದು ಶೇಕಡಾ 19–20ಕ್ಕೆ ಏರಬೇಕೆಂದೂ ಸೂಚಿಸಿತು. ಶೂನ್ಯಕ್ಕೆ ಅಲ್ಲ, ಅರ್ಧದ ಸುತ್ತುಮುತ್ತ. ಒಂದು ದೊಡ್ಡ ಮುದ್ದೆಯ ಬದಲು ಸಣ್ಣದೊಂದು, ಜೊತೆಗೆ ಗಟ್ಟಿಯಾದ ಸೊಪ್ಪಿನ ಹುಳಿ, ಮೊಳಕೆ ಹುರುಳಿಯ ಪಲ್ಯ, ಮೊಸರು. ತಿನ್ನುವವರಿಗೆ ಎರಡು ಮೊಟ್ಟೆಯೋ ಮೀನೋ ಕೋಳಿಯೋ. ಮಾಂಸಾಹಾರದ ದೀರ್ಘ ಪರಂಪರೆಯುಳ್ಳ ನಮ್ಮ ಪ್ರಾಂತಗಳನ್ನೇ ನೋಡಿ: ಕೊಡಗಿನಲ್ಲಿ ಹಂದಿಯ ಸಾರಿನ ಜೊತೆಗೆ ಕಡಂಬುಟ್ಟು, ಕರಾವಳಿಯಲ್ಲಿ ಮೀನಿನ ಜೊತೆಗೆ ಕುಚ್ಚಲಕ್ಕಿಯ ಅನ್ನ, ಹಳೆಯ ಮೈಸೂರಿನ ಬಾಡೂಟದಲ್ಲಿ ಮುದ್ದೆ. ಮಾಂಸವೊಂದನ್ನೇ ಊಟವೆಂದು ಕರೆದವರು ಇಲ್ಲಿ ಯಾರೂ ಇಲ್ಲ.

ಕೊನೆಯದಾಗಿ ಹೇಳಬೇಕಾದುದನ್ನು ಮೊದಲೇ ಹೇಳಬೇಕಾಗಿತ್ತೇನೋ, ಏಕೆಂದರೆ ಅದರಲ್ಲಿ ಪ್ರಾಣದ ಪ್ರಶ್ನೆಯಿದೆ. ಮೈ ಇಳಿಸಬೇಕೆಂದು ಹೊರಡುವವರಲ್ಲಿ ಬಹುಮಂದಿ ಸಕ್ಕರೆಕಾಯಿಲೆಗೂ ರಕ್ತದೊತ್ತಡಕ್ಕೂ ಮಾತ್ರೆಗಳನ್ನು ನುಂಗುತ್ತಿರುವವರು. ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರು ಅದೇ ಪ್ರಮಾಣವನ್ನು ಮುಂದುವರಿಸುತ್ತ ಅನ್ನವನ್ನು ಮಾತ್ರ ನಿಲ್ಲಿಸಿಬಿಟ್ಟರೆ, ರಕ್ತದ ಸಕ್ಕರೆಯು ಅಪಾಯದ ಮಟ್ಟಕ್ಕೆ ಕುಸಿದು ಪ್ರಜ್ಞೆ ತಪ್ಪಬಹುದು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮೊದಲಾದ ಔಷಧಗಳನ್ನು ಸೇವಿಸುವವರಲ್ಲಿ ಪಿಷ್ಟದ ಅಭಾವದಿಂದ ರಕ್ತವು ಆಮ್ಲಮಯವಾಗುವ ಕೀಟೋಆಸಿಡೋಸಿಸ್ ಉಂಟಾಗುವ ಸಂಭವವಿದೆ. ಆಗ ಮನೆಯ ಗ್ಲೂಕೋಮೀಟರು ಸಕ್ಕರೆಯನ್ನು ಅಷ್ಟೇನೂ ಹೆಚ್ಚಾಗಿ ತೋರಿಸದೆ ಇರಬಹುದಾದುದರಿಂದ, ವಾಂತಿ, ಹೊಟ್ಟೆನೋವು, ಏದುಸಿರುಗಳನ್ನು ಅಜೀರ್ಣವೆಂದು ತಿಳಿದು ಮನೆಯಲ್ಲಿಯೇ ಮಲಗಿಬಿಡುವುದುಂಟು. ಮೂತ್ರಪಿಂಡದ ತೊಂದರೆಯಿರುವವರು, ಮೂತ್ರದಲ್ಲಿ ಕಲ್ಲು ಅಥವಾ ಸಂಧಿವಾತದ ಗೌಟ್ ಇರುವವರು, ಗರ್ಭಿಣಿಯರು ಇಂಥ ಪಥ್ಯಕ್ಕೆ ಕೈಹಾಕಲೇಬಾರದು. ಉಳಿದವರಾದರೂ ತಾವು ನುಂಗುತ್ತಿರುವ ಪ್ರತಿಯೊಂದು ಮಾತ್ರೆಯ ಚೀಟಿಯನ್ನೂ ವೈದ್ಯರ ಮುಂದಿಟ್ಟು, ಯಾವುದನ್ನು ಎಷ್ಟು ತಗ್ಗಿಸಬೇಕು, ಯಾವುದನ್ನು ನಿಲ್ಲಿಸಬೇಕೆಂಬುದನ್ನು ಬರೆಸಿಕೊಂಡ ಮೇಲೆಯೇ ಊಟದ ಕ್ರಮವನ್ನು ಬದಲಿಸತಕ್ಕದ್ದು.